ಗಣಕ ಎಳೆದ ಅಂಚು

ಲೋಹದ ಸೂಕ್ಷ್ಮಚಿತ್ರದಿಂದ ಅಂಚಿನ ರೇಖೆಯನ್ನು ತೆಗೆಯುವ ಕೆಲಸ ಈಗ ತಂತ್ರಾಂಶದ ಪಾಲಾಗಿದೆ. ಅದು ಒಳ್ಳೆಯದೇ. ಆದರೆ ಆ ರೇಖೆಯನ್ನು ಲೋಹವೇ ನುಡಿದ ಸಾಕ್ಷ್ಯವೆಂದು ಒಪ್ಪುವುದು ಸರಿಯಲ್ಲ.

ಸತುವಿನ ಲೇಪವಿರುವ ಉಕ್ಕಿನ ತಗಡನ್ನು ನೋಡಿ. ಅದನ್ನು ಅಡ್ಡಲಾಗಿ ಕತ್ತರಿಸಿ, ರಾಳದಲ್ಲಿ ಕೂರಿಸಿ, ಕನ್ನಡಿಯಂತೆ ಉಜ್ಜಿ, ಸೂಕ್ಷ್ಮದರ್ಶಕದಡಿ ಚಿತ್ರ ತೆಗೆಯುತ್ತಾರೆ. ಸತು ಬೆಳ್ಳಗೆ, ರಾಳ ಕಪ್ಪಗೆ. ನಮ್ಮ ಕಣ್ಣಿಗೆ ಲೇಪದ ಹೊರ ಅಂಚು ಸ್ಪಷ್ಟ. ಗಣಕಕ್ಕೆ ಇರುವುದು 0ಯಿಂದ 255ರವರೆಗಿನ ಬೂದುಛಾಯೆಯ ಅಂಕಿಗಳು ಮಾತ್ರ. ಅಂಚಿನಲ್ಲಿ ಈ ಅಂಕಿ ಒಮ್ಮೆಲೇ ಬೀಳುವುದಿಲ್ಲ, ಹಲವು ಬಿಂದುಗಳನ್ನು ದಾಟುತ್ತ ಇಳಿಯುತ್ತದೆ. ಎಲ್ಲಿ ಗೆರೆ ಎಳೆಯಬೇಕು? ಮಿತಿಯನ್ನು 120ರಿಂದ 150ಕ್ಕೆ ಏರಿಸಿದರೆ ಲೇಪ ತೆಳುವಾಗುತ್ತದೆ, ಇಳಿಸಿದರೆ ದಪ್ಪವಾಗುತ್ತದೆ. ಇಮೇಜ್‌ಜೆಯಂಥ ಉಚಿತ ತಂತ್ರಾಂಶದಲ್ಲಿ 1979ರ ಓಟ್ಸು ವಿಧಾನವು ಮಿತಿಯನ್ನು ತಾನೇ ಗೊತ್ತುಪಡಿಸುತ್ತದೆ, ನಿಜ. ಆದರೆ ಆ ವಿಧಾನವನ್ನು ಆರಿಸಿದವರು ನಾವೇ. ಉಜ್ಜುವಾಗ ಅಂಚು ದುಂಡಗಾಗಿದ್ದರೆ ತಂತ್ರಾಂಶ ಆ ಮಸುಕನ್ನೇ ನಿಷ್ಠೆಯಿಂದ ಅಳೆಯುತ್ತದೆ. ಕಲೆಗಳನ್ನು ಅಳಿಸಲು ಚಿತ್ರವನ್ನು ಅತಿಯಾಗಿ ನಯಗೊಳಿಸಿದರೆ ಅಂಚಿನ ನಿಜವಾದ ಏರುತಗ್ಗುಗಳೂ ಅಳಿಯುತ್ತವೆ.

ಲೇಪ ತೆಳುವಾದಷ್ಟೂ ತುಕ್ಕು ಬೇಗ ಹಿಡಿಯುತ್ತದೆ. ಸರಕು ಸ್ವೀಕೃತವೋ ತಿರಸ್ಕೃತವೋ ಎಂಬುದು ಇಂಥ ಅಂಕಿಯ ಮೇಲೆ ನಿಂತಿರುವಾಗ, ವರದಿಯಲ್ಲಿ ಅಂಕಿಯೊಂದನ್ನೇ ಬರೆದು ಸಹಿ ಹಾಕುವುದು ಸಾಲದು.

ಹಳಗನ್ನಡ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರು ತಾವು ಒಪ್ಪಿದ ಪಾಠದ ಕೆಳಗೆ ಪಾಠಾಂತರಗಳನ್ನೂ ಕೊಡುತ್ತಾರೆ; ಓದುಗ ಒಪ್ಪದಿರಲು ಅಲ್ಲಿ ಎಡೆಯಿದೆ. ಪ್ರಯೋಗಾಲಯದ ವರದಿಗೂ ಅದೇ ಶಿಸ್ತು ಬೇಕು. ತಿದ್ದದ ಮೂಲಚಿತ್ರ, ಅಳತೆಪಟ್ಟಿ, ಆರಿಸಿದ ಮಿತಿ, ಬಳಸಿದ ಶೋಧಕ, ಇವಿಷ್ಟೂ ವರದಿಯ ಜೊತೆಗಿರಲಿ. ಆಗ ಮಾರುವವನೂ ಕೊಳ್ಳುವವನೂ ಅದೇ ರೇಖೆಯನ್ನು ಮತ್ತೆ ಎಳೆದು ನೋಡಬಹುದು.