ಕನ್ನಡಕ ತೆಗೆದಿಟ್ಟು ಬಾ ಎನ್ನುವವರಿಗೆ

ದಂಡಿನಶಿವರದ ನಮ್ಮ ಸಂಘದ ವಾರದ ಸಭೆಯಲ್ಲಿ ಈಚೆಗೆ ಒಂದು ಸಾಲದ ಅರ್ಜಿ ಬಂತು. ಸಾಲದ ಅರ್ಜಿ ನಮಗೇನೂ ಹೊಸದಲ್ಲ. ಹಸು ಕೊಳ್ಳಲು, ಮೋಟರ್ ರಿಪೇರಿಗೆ, ಮಕ್ಕಳ ಫೀಸಿಗೆ, ಹೆರಿಗೆಗೆ ಎಂದು ಬರುತ್ತಲೇ ಇರುತ್ತವೆ. ಈ ಅರ್ಜಿಯಲ್ಲಿ ಮಾತ್ರ "ಮಗಳ ಕಣ್ಣಿಗೆ ಲೆನ್ಸ್" ಎಂದು ಬರೆದಿತ್ತು.

"ಕನ್ನಡಕ ಇದೆಯಲ್ಲ ಅವಳಿಗೆ, ಮತ್ಯಾಕೆ ಲೆನ್ಸು?" ಎಂದು ಕೇಳಿದೆವು.

ಆ ತಾಯಿ ತಲೆ ತಗ್ಗಿಸಿಕೊಂಡು, "ಬರೋ ತಿಂಗಳು ಗಂಡಿನ ಕಡೆಯೋರು ನೋಡಕ್ಕೆ ಬರ್ತಾವ್ರೆ ಕಣಕ್ಕ. ಸೋಡಾಬುಡ್ಡಿ ಅಂತ ಅಂದು ಹೊಂಟೋದ್ರೆ ಏನ್ಮಾಡ್ಲಿ? ಲೆನ್ಸ್ ಹಾಕಿದ್ರೆ ಗೊತ್ತೇ ಆಗಲ್ವಂತೆ" ಎಂದರು.

ಸಭೆಯಲ್ಲಿದ್ದ ಅರ್ಧ ಜನ "ಪಾಪ, ಕೊಟ್ಟುಬಿಡೋಣ" ಎಂದರು. ನನಗೆ ಮಾತ್ರ ಕೈ ಎತ್ತಲು ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಹೇಳಲಿಕ್ಕೇ ಈ ಬರಹ. ತಾಯಿ ಮಗಳು ಇಬ್ಬರನ್ನೂ ಕೇಳಿ, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ನನಗೆ ಕನ್ನಡಕ ಬಂದದ್ದು ಎಂಟನೇ ತರಗತಿಯಲ್ಲಿ. 1994ರಲ್ಲಿ ನನ್ನನ್ನು ನೋಡಲು ಬಂದ ದಿನ ಅಮ್ಮ ಅದನ್ನು ಕಸಿದು ಅಕ್ಕಿ ಡಬ್ಬದಲ್ಲಿಟ್ಟಳು. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ನಡುಮನೆಗೆ ಹೋದರೆ ಚಾಪೆಯ ಮೇಲೆ ಕೂತ ಐದು ಮುಖಗಳೂ ಐದು ಬಿಳಿ ಮಚ್ಚೆಗಳಾಗಿ ಕಂಡವು. ಹುಡುಗ ಯಾರು, ಹುಡುಗನ ಮಾವ ಯಾರು ಎಂದು ತಿಳಿಯಲಿಲ್ಲ. ಆಮೇಲೆ "ಹುಡುಗ ಒಪ್ಪಿಗೇನಾ?" ಎಂದು ಸೋದರತ್ತೆ ಕೇಳಿದರು. ಕಂಡಿದ್ದರೆ ತಾನೇ ಹೇಳುವುದು! ಸುಮ್ಮನೆ ತಲೆಯಾಡಿಸಿದೆ. ಆ ಹುಡುಗನೂ ಕನ್ನಡಕ ಹಾಕುತ್ತಾನೆಂದು ನನಗೆ ತಿಳಿದದ್ದು ಧಾರೆಯ ದಿನ. ಅವನ ಮನೆಯಲ್ಲಿ ಯಾರೂ ಅವನ ಕನ್ನಡಕವನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿರಲಿಲ್ಲ.

ಮದುವೆಯಾದ ಎಂಟನೇ ದಿನ ನನ್ನ ಗುಟ್ಟು ಹೊರಬಿತ್ತು. "ಕಣ್ಣು ಕಾಣದ್ದನ್ನ ನಮ್ಮ ತಲೆಗೆ ಕಟ್ಟಿದ್ರು" ಎಂಬ ಮಾತು ಶುರುವಾಯಿತು. ಆ ಮಾತು ನಿಲ್ಲಿಸಲು ಅಪ್ಪ ಅಟ್ಟದ ಮೇಲಿದ್ದ ಕಾಯನ್ನು ಕೊಬ್ಬರಿಯಾಗುವ ಮುಂಚೆಯೇ ಮಾರಿ ಒಂದು ಸರ ಮಾಡಿಸಿಕೊಟ್ಟ. ಒಂದು ವರ್ಷ ಕಾದು ಕೊಬ್ಬರಿ ಮಾಡುವ ನಮ್ಮ ಸೀಮೆಯವರಿಗೆ ಹಸಿಕಾಯಿ ಮಾರುವ ಸಂಕಟ ಎಂಥದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸರ ಬಂತು, ಮಾತು ನಿಲ್ಲಲಿಲ್ಲ.

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮಚ್ಚೆ ಇದ್ದರೆ, ಒಳಗೆ ಕೊಳೆತಿದ್ದರೆ ಬೆಲೆ ಇಳಿಯುತ್ತದೆ. ಅದು ಕೊಬ್ಬರಿ, ಇರಲಿ. ಆದರೆ ಹೆಣ್ಣು ಮಕ್ಕಳನ್ನೂ ನಾವು ಹೀಗೇ ಜಗಲಿಗೆ ತಂದು ಕೂರಿಸುತ್ತಿದ್ದೇವೆ. ಬಣ್ಣ ಕಪ್ಪೋ, ಹಲ್ಲು ಉಬ್ಬೋ, ಕಣ್ಣಿಗೆ ನಂಬರೋ, ಒಂದೊಂದಕ್ಕೂ ಒಂದೊಂದು ದರ. ಗಂಡು ಕನ್ನಡಕ ಹಾಕಿದರೆ ಓದಿದವನು, ಹೆಣ್ಣು ಹಾಕಿದರೆ ಐಬು. ಶಾಲೆಯಲ್ಲಿ ಕಣ್ಣು ಪರೀಕ್ಷೆ ಮಾಡಿ ಉಚಿತವಾಗಿ ಕೊಟ್ಟ ಕನ್ನಡಕ ಎಷ್ಟೋ ಹುಡುಗಿಯರ ಬ್ಯಾಗಿನಲ್ಲೇ ಉಳಿಯುವುದನ್ನು ನಾನು ಕಂಡಿದ್ದೇನೆ. "ಈಗಲೇ ಹಾಕ್ಕೊಂಡ್ರೆ ನಾಳೆ ಯಾರು ಮಾಡ್ಕೋತಾರೆ" ಎಂಬ ಹೆದರಿಕೆ ಹನ್ನೆರಡು ವರ್ಷಕ್ಕೇ ಶುರು. ಪಾಠ ಕಾಣದೆ ಹುಡುಗಿ ಹಿಂದೆ ಬೀಳುತ್ತಾಳೆ. ಹಿಂದೆ ಬಿದ್ದಳೆಂದು ಶಾಲೆ ಬಿಡಿಸುತ್ತೇವೆ. ವರದಕ್ಷಿಣೆ ಮದುವೆಯ ದಿನ ಶುರುವಾಗುತ್ತದೆ ಎಂದು ಯಾರು ಹೇಳಿದ್ದು?

ಹಾಗಾದರೆ ಲೆನ್ಸ್ ಬೇಡವೇ? ಖಂಡಿತ ಹಾಗಲ್ಲ ಅಕ್ಕಂದಿರೇ. ಬೆವರಿಗೆ ಜಾರುವ, ಮಳೆಗೆ ಮಸುಕಾಗುವ, ಮೂಗಿನ ಮೇಲೆ ಗುರುತು ಬೀಳಿಸುವ ಕನ್ನಡಕದ ಕಾಟ ಹಾಕಿದವರಿಗೇ ಗೊತ್ತು. ನಂಬರ್ ಹೆಚ್ಚಿದ್ದವರಿಗೆ ಲೆನ್ಸಿನಲ್ಲಿ ಪಕ್ಕದ ನೋಟವೂ ಚೆನ್ನಾಗಿ ಸಿಗುತ್ತದೆ. ಮೊದಲು ಬಂದವು ಗಟ್ಟಿ ಲೆನ್ಸುಗಳು, ಕಣ್ಣಿಗೆ ಒತ್ತುತ್ತಿದ್ದವು. ಚೆಕೊಸ್ಲೊವಾಕಿಯಾದ ಓಟೋ ವಿಖ್ಟರ್ಲೆ ಎಂಬ ವಿಜ್ಞಾನಿ 1961ರ ಕೊನೆಯಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ತನ್ನ ಮನೆಯಲ್ಲೇ ಮಕ್ಕಳ ಆಟದ ಸಾಮಾನು ಜೋಡಿಸಿ ಒಂದು ಪುಟ್ಟ ಯಂತ್ರ ಮಾಡಿ ಮೆತ್ತನೆಯ ಲೆನ್ಸ್ ತಯಾರಿಸಿದ. 1999ರ ಹೊತ್ತಿಗೆ ಗಾಳಿ ಹೆಚ್ಚು ಆಡುವ ಸಿಲಿಕೋನ್ ಬೆರೆತ ಲೆನ್ಸ್ ಬಂತು. ಹಾಕಿದ್ದೇ ಮರೆತುಹೋಗುವಷ್ಟು ಹಾಯಾದ ಲೆನ್ಸುಗಳು ಇಂದು ಸಿಗುತ್ತವೆ. ನಮ್ಮ ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದೂ ಅದೇ 1961ರಲ್ಲಿ. ಲೆನ್ಸ್ ಎಷ್ಟು ಸುಧಾರಿಸಿತು ನೋಡಿ, ನಮ್ಮ ಜಗಲಿಯ ವ್ಯಾಪಾರ ಎಷ್ಟು ಸುಧಾರಿಸಿತು ನೋಡಿ!

ಹುಡುಗಿ ತನ್ನ ಸುಖಕ್ಕೆ ಲೆನ್ಸ್ ಹಾಕಿಕೊಳ್ಳಲಿ. ಬೇಡವಾದ ದಿನ ತೆಗೆದಿಡಲಿ. ದಕ್ಷಿಣ ಕೊರಿಯಾದಲ್ಲಿ 2018ರ ಏಪ್ರಿಲ್‌ನಲ್ಲಿ ಇಮ್ ಹ್ಯುನ್-ಜು ಎಂಬ ವಾರ್ತಾವಾಚಕಿ ಕನ್ನಡಕ ಹಾಕಿಕೊಂಡು ಟಿ.ವಿ.ಯಲ್ಲಿ ವಾರ್ತೆ ಓದಿದಳು. ಅದೇ ದೊಡ್ಡ ಸುದ್ದಿಯಾಯಿತು. ಅಲ್ಲಿಯವರೆಗೆ ಗಂಡಸರು ಕನ್ನಡಕದಲ್ಲಿ ಓದುತ್ತಿದ್ದರು, ಹೆಂಗಸರು ಮಾತ್ರ ಒಣಗಿದ ಕಣ್ಣಿಗೆ ಹನಿ ಬಿಟ್ಟುಕೊಂಡು ಲೆನ್ಸ್ ಹಾಕಬೇಕಿತ್ತು. ಆಕೆ ಲೆನ್ಸ್ ತೆಗೆದದ್ದೂ, ನಮ್ಮ ಹುಡುಗಿ ಲೆನ್ಸ್ ಹಾಕುವುದೂ ಎರಡೂ ಸರಿಯೇ. ಯಾರಿಗಾಗಿ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆ ಬರೀ ಮಾನದ ಪ್ರಶ್ನೆಯಲ್ಲ, ಕಣ್ಣಿನ ಆರೋಗ್ಯದ ಪ್ರಶ್ನೆಯೂ ಹೌದು. ಲೆನ್ಸಿಗೆ ಕೆಲವು ಕಟ್ಟುಪಾಡುಗಳಿವೆ. ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ, ಕಣ್ಣಿಗೆ ಹೊಂದುವ ಅಳತೆಯದನ್ನೇ ತೆಗೆದುಕೊಳ್ಳಬೇಕು. ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆದು, ಒಣಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ರಾತ್ರಿ ಮಲಗುವ ಮುಂಚೆ ತೆಗೆಯಬೇಕು. ಲೆನ್ಸನ್ನು ಅದಕ್ಕೆಂದೇ ಇರುವ ದ್ರಾವಣದಲ್ಲಿ ಉಜ್ಜಿ ತೊಳೆದು, ದಿನದಿನವೂ ಹೊಸ ದ್ರಾವಣದಲ್ಲೇ ಇಡಬೇಕು. ಬಾವಿ ನೀರು, ನಲ್ಲಿ ನೀರು, ಕಾಯಿಸಿ ಆರಿಸಿದ ನೀರು ಯಾವುದೂ ಆಗದು. ಎಂಜಲಂತೂ ಕೂಡದೇ ಕೂಡದು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಕರಿಗುಡ್ಡೆಗೆ ಸೇರಿದರೆ ದೃಷ್ಟಿಯೇ ಹೋಗಬಹುದು. ತಿಂಗಳ ಲೆನ್ಸನ್ನು ಪೊಟ್ಟಣ ಒಡೆದ ತಿಂಗಳಿಗೆ ಬಿಸಾಡಬೇಕು, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ದಿನಕ್ಕೊಂದು ಜೊತೆ ಬಳಸಿ ಎಸೆಯುವ ಲೆನ್ಸೂ ಇದೆ, ತೊಳೆಯುವ ರಗಳೆಯಿಲ್ಲ, ಖರ್ಚು ಜಾಸ್ತಿ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಆ ಕ್ಷಣವೇ ಲೆನ್ಸ್ ತೆಗೆದು ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಅಂಗಡಿಯಲ್ಲಿ ಕೇಳಿ ಹನಿ ಬಿಟ್ಟುಕೊಂಡು ಕೂರಬಾರದು.

ನಮ್ಮ ಕಡೆಯ ಕೆಲಸಕ್ಕೆ ಇನ್ನೂ ಎರಡು ಎಚ್ಚರಿಕೆ ಬೇಕು. ಕಾಯಿ ಸುಲಿಯುವಾಗ, ಕೊಬ್ಬರಿ ಬಿಡಿಸುವಾಗ, ನಾರಿನ ದೂಳು ಹಾರುವ ಕಡೆ, ಸೌದೆ ಒಲೆಯ ಹೊಗೆಯಲ್ಲಿ ಲೆನ್ಸ್ ಬೇಡ, ಕನ್ನಡಕವೇ ಸರಿ. ಗರಿ, ಹುಲ್ಲು, ನಾರು ಕಣ್ಣಿಗೆ ಚುಚ್ಚಿದರೆ ಬೂಸ್ಟಿನ ಸೋಂಕು ಹತ್ತುತ್ತದೆ, ರೈತರಲ್ಲಿ ಇದು ಹೆಚ್ಚು. ಹೀಗಾಗಿ ಲೆನ್ಸ್ ಇದ್ದವರಿಗೂ ಒಂದು ಕನ್ನಡಕ ಬೇಕೇ ಬೇಕು.

ಈಗ ಯೋಚಿಸಿ. ಗುಟ್ಟಾಗಿ ಲೆನ್ಸ್ ಹಾಕಿಕೊಂಡು ಮದುವೆಯಾದ ಹುಡುಗಿ ಇವನ್ನೆಲ್ಲ ಎಲ್ಲಿ ಮಾಡುತ್ತಾಳೆ? ಹತ್ತು ಜನರ ಕೂಡುಮನೆಯಲ್ಲಿ ಕನ್ನಡಿ ಮುಂದೆ ನಿಂತು ಕಣ್ಣಿಗೆ ಬೆರಳಿಡಲು ಹೆದರುತ್ತಾಳೆ. ಗಂಡನಿಗೆ ತಿಳಿಯಬಾರದೆಂದು ಲೆನ್ಸ್ ಹಾಕಿಕೊಂಡೇ ಮಲಗುತ್ತಾಳೆ. ಡಬ್ಬಿಯನ್ನು ಸೀರೆ ಮಡಿಕೆಯಲ್ಲಿ ಅಡಗಿಸುತ್ತಾಳೆ. ದ್ರಾವಣ ಮುಗಿದರೆ ದುಡ್ಡು ಕೇಳುವಂತಿಲ್ಲ, ಇದ್ದದ್ದಕ್ಕೇ ನೀರು ಬೆರೆಸುತ್ತಾಳೆ. ತಿಂಗಳ ಲೆನ್ಸ್ ಆರು ತಿಂಗಳಾಗುತ್ತದೆ. ಕಣ್ಣು ಕೆಂಪಾದರೆ "ದೂಳು ಬಿತ್ತು" ಎನ್ನುತ್ತಾಳೆ. ಕನ್ನಡಕವನ್ನಂತೂ ತವರಿನಲ್ಲೇ ಬಿಟ್ಟು ಬಂದಿರುತ್ತಾಳೆ. ಡಾಕ್ಟರು ಯಾವುದನ್ನೆಲ್ಲ ಮಾಡಬೇಡಿ ಎನ್ನುತ್ತಾರೋ ಅದನ್ನೆಲ್ಲ ಗುಟ್ಟು ಮಾಡಿಸುತ್ತದೆ. ಯಾರಿಗೂ ಹೆದರದ ಮನೆಯಲ್ಲಿ ಲೆನ್ಸ್ ಹಾಯಾದ ವಸ್ತು. ಹೆದರಿಕೆಯ ಮನೆಯಲ್ಲಿ ಅದೇ ಲೆನ್ಸ್ ಹುಣ್ಣು.

ಗುಟ್ಟು ಎಂದಾದರೂ ಬಯಲಾಗುತ್ತದೆ. ಆಗ "ಮೋಸ ಮಾಡಿದ್ರಿ" ಎಂಬ ಮಾತು ಅವರ ಕೈಗೆ ಸಿಕ್ಕುತ್ತದೆ. ಅಕ್ಕಿ ಡಬ್ಬದಲ್ಲಿ ನನ್ನ ಕನ್ನಡಕ ಇಟ್ಟ ದಿನವೇ ಆ ಸರಕ್ಕೆ ಚೀಟಿ ಬರೆದಂತಾಗಿತ್ತು. ತೆರೆದು ಹೇಳಿದ್ದರೆ, ಬೇಡವೆನ್ನುವವರು ಅಂದೇ ಎದ್ದು ಹೋಗುತ್ತಿದ್ದರು. ಅಂಥವರು ಎದ್ದು ಹೋಗುವುದು ನಷ್ಟವೇ?

"ಹುಡುಗಿ ಕಣ್ಣಿಗೆ ನಂಬರಿದೆ, ಅದಕ್ಕೆ ಇಷ್ಟು ಸೇರಿಸಿ ಕೊಡಿ" ಎಂದು ಕೇಳುವುದೇ ಅಪರಾಧ ಎಂಬುದು ನಿಮಗೆ ತಿಳಿದಿರಲಿ. ವರದಕ್ಷಿಣೆ ಕಾಯಿದೆಯ 4ನೇ ಕಲಮಿನ ಪ್ರಕಾರ ಬೇಡಿಕೆ ಇಟ್ಟದ್ದಕ್ಕೇ 6 ತಿಂಗಳಿಂದ 2 ವರ್ಷದವರೆಗೆ ಶಿಕ್ಷೆಯಿದೆ. ಮದುವೆಯಾದ ಮೇಲೆ ಅದಕ್ಕಾಗಿ ಪೀಡಿಸಿದರೆ ಮೊದಲು ಐ.ಪಿ.ಸಿ. 498ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಇದೆ. ಹಂಗಿಸುವುದು, ಅಡ್ಡಹೆಸರಿನಿಂದ ಕರೆದು ಅವಮಾನಿಸುವುದು, ಅಗತ್ಯದ ಖರ್ಚಿಗೆ ದುಡ್ಡು ಕೊಡದಿರುವುದು ಇವೂ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ದೌರ್ಜನ್ಯವೇ. ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. 181ಕ್ಕೆ ಫೋನ್ ಮಾಡಬಹುದು. ವರಮಾನ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ.

ಹೊಡೆತದ ಮನೆಯಲ್ಲಿ ಮೊದಲು ಒಡೆಯುವುದು ಕನ್ನಡಕ. ಕನ್ನಡಕ ಒಡೆದರೆ ಅವಳು ಬಸ್ಸಿನ ಬೋರ್ಡು ಓದಲಾರಳು, ರಾತ್ರಿ ದಾರಿ ಕಾಣಲಾರಳು, ಸಹಿ ಹಾಕಿಸುವ ಕಾಗದದಲ್ಲಿ ಏನಿದೆ ಎಂದು ನೋಡಲಾರಳು. ಬಾಗಿಲು ತೆರೆದಿದ್ದರೂ ಅವಳು ಸೆರೆಯಲ್ಲೇ. ಹೊಡೆದವನಿಗೆ ಇದು ಗೊತ್ತು. ಕಣ್ಣಿಗೆ ಪೆಟ್ಟು ಬಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ "ಬಾಗಿಲು ತಾಗಿತು" ಎನ್ನಬೇಡಿ. ಯಾರು ಹೊಡೆದರು ಎಂದು ಹೇಳಿ, ಚೀಟಿಯಲ್ಲಿ ಬರೆಸಿ.

ಕನ್ನಡಕ ಐಬಲ್ಲ, ಕುಡುಗೋಲಿನಂತೆ ಅದೊಂದು ಹತಾರ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಗಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನೋಡಿದರು. ಕೊಡದವರಿಗೆ ಹೋಲಿಸಿದರೆ ಅವರ ದುಡಿಮೆ ಶೇಕಡಾ 22ರಷ್ಟು ಏರಿತ್ತೆಂದು 2018ರಲ್ಲಿ ಪ್ರಕಟವಾಯಿತು. ನಮ್ಮಲ್ಲೂ ನಲವತ್ತು ದಾಟಿದ ಎಷ್ಟೋ ಅಕ್ಕಂದಿರು ಸಂಘದ ಪುಸ್ತಕವನ್ನು ಮಾರು ದೂರ ಹಿಡಿದು ನೋಡಿ, ಕಾಣದೆಯೇ ಸಹಿ ಹಾಕುತ್ತಾರೆ.

ಆ ದಿನದ ಸಭೆಯಲ್ಲಿ ಬಹಳ ಹೊತ್ತು ಜಗಳವಾಯಿತು. ಕೊನೆಗೆ ಮಗಳನ್ನೇ ಕರೆಸಿ ಕೇಳಿದೆವು. ಅವಳು ಹೇಳಿದ್ದಿಷ್ಟು: "ಲೆನ್ಸ್ ನಂಗೂ ಬೇಕು ದೊಡ್ಡಮ್ಮ, ಕೆಲಸಕ್ಕೆ ಬಸ್ಸಲ್ಲಿ ಓಡಾಡಕ್ಕೆ ಆರಾಮಾಗಿರುತ್ತೆ. ಆದ್ರೆ ಅವ್ರು ಬರೋ ದಿನ ಕನ್ನಡಕ ಹಾಕ್ಕೊಂಡೇ ಕೂತ್ಕೋತೀನಿ. ನಾನೂ ಅವ್ರನ್ನ ನೋಡ್ಬೇಕಲ್ವಾ?"

ಸಂಘ ನಾಲ್ಕು ತೀರ್ಮಾನ ಮಾಡಿತು. ಕಣ್ಣಿಗಾಗಿ ಕನ್ನಡಕಕ್ಕೋ ಲೆನ್ಸಿಗೋ ಸಾಲ ಕೊಡುವುದು, ಮುಚ್ಚಿಡಲಿಕ್ಕೆ ಕೊಡದಿರುವುದು. ಲೆನ್ಸಿಗೆ ಕೊಡುವಾಗ ಒಂದು ವರ್ಷದ ದ್ರಾವಣದ ಖರ್ಚನ್ನೂ ಲೆಕ್ಕ ಹಾಕಿ ಕೊಡುವುದು. ಪ್ರತಿ ಸದಸ್ಯೆಯ ಕಣ್ಣಿನ ನಂಬರಿನ ಚೀಟಿಯ ಒಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿ ಇಡುವುದು, ಒಡೆದರೆ ಮರುದಿನವೇ ಮಾಡಿಸಲಿಕ್ಕೆ. ಸಂಘದ ಯಾವ ಮನೆಯಲ್ಲೂ ಸೊಸೆ ತರುವಾಗ "ಕನ್ನಡಕ ಇದೆಯಾ?" ಎಂದು ಕೇಳದಿರುವುದು. ಈ ನಾಲ್ಕನೆಯದೇ ಕಷ್ಟದ್ದು, ಯಾಕೆಂದರೆ ನಾವೂ ಗಂಡು ಹೆತ್ತವರು.

ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು, "ಫೋನ್ ಮಾಡ್ತೀವಿ" ಎಂದು ಹೋದರು. ಫೋನ್ ಬರಲಿಲ್ಲ. ಆ ತಾಯಿ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. "ನಿಮ್ಮ ಮಾತು ಕೇಳಿ ಸಂಬಂಧ ತಪ್ಪೋಯ್ತು" ಎಂದರು. ಆ ನೋವು ಸುಳ್ಳಲ್ಲ. ಊರಿನ ಬಾಯಿಗೆ ಉತ್ತರ ಕೊಡಬೇಕಾದವರು ಅವರು, ನಾನಲ್ಲ. ಆದರೂ ನಾನು ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಹುಡುಗಿಗೆ ಸಾಲ ಕೊಟ್ಟೆವು. ಅವಳೀಗ ಕೆಲಸಕ್ಕೆ ಹೋಗುವಾಗ ಲೆನ್ಸ್ ಹಾಕುತ್ತಾಳೆ, ಸಂಜೆ ಬಂದು ತೊಳೆದಿಟ್ಟು, ಕನ್ನಡಕ ಹಾಕಿಕೊಂಡು ಅಮ್ಮನ ಜೊತೆ ಕಾಯಿ ಎಣಿಸುತ್ತಾಳೆ.

ಅಕ್ಕಂದಿರೇ, ನಿಮ್ಮ ಊರಿನ ಯಾವ ಅಕ್ಕಿ ಡಬ್ಬದಲ್ಲಿ ಯಾರ ಕನ್ನಡಕ ಇದೆಯೋ ನೋಡಿ. ತೆಗೆದು ಒರೆಸಿ ಅವಳ ಕೈಗೆ ಕೊಡಿ. ಅವಳನ್ನು ನೋಡಲು ಬಂದವರನ್ನು ಮೊದಲು ಅವಳು ನೋಡಲಿ.