ಸಾವಿನ ಮನಿ ಮುಂದ ಬಾಜಾ ನಿಲ್ಲಿಸೋದು

1/6
ನಮ್ಮ ಪೇಜ್ ಫಾಲೋ ಮಾಡೋರಿಗೆ ಗೊತ್ತೇ ಐತಿ, ನಾವು ಮೂರು ಮಂದಿ. ಒಬ್ಬ ಹಾವೇರಿ, ಒಬ್ಬ ರಾಣೆಬೆನ್ನೂರು, ನಾನು ಬ್ಯಾಡಗಿ. ಬಿಕಾಂ ಓದೋದು ಹೆಸರಿಗೆ, ಮಾಡೋದು ಕಾಮಿಡಿ ರೀಲ್. ಇವತ್ತು ಕಾಮಿಡಿ ಇಲ್ಲ. ಮೊನ್ನೆ ಕ್ಲಾಸಿನ್ಯಾಗ ಒಬ್ಬ ಕೇಳಿದ, "ಲೇ, ನಿಮ್ಮ ಆ ಟಿಟಿ ರೀಲ್ ಎಲ್ಲಿ ಹೋತಲೇ? ಭಾಳ ನಕ್ಕಿದ್ದೆ." ಉತ್ತರ ಉದ್ದ ಐತಿ, ಅದಕ್ಕ ಇಲ್ಲಿ ಬರೀತಿದ್ದೀನಿ.

2024ರ ಜೂನ್. ಪಿಯುಸಿ ಮುಗಿಸಿ ಆಗಷ್ಟೇ ಡಿಗ್ರಿಗೆ ಸೇರಿದ್ವಿ. ಟೆಂಪೋ ಟ್ರಾವೆಲರ್ ಮಾಡ್ಕೊಂಡು ದೇವರಿಗೆ ಹೊಂಟ ನಮ್ಮ ಮಂದಿ ಬಗ್ಗೆ ಒಂದು ರೀಲ್ ಮಾಡಿದ್ವಿ. ಬುತ್ತಿ ಬಿಚ್ಚೋ ಅತ್ತಿ, ವಾಂತಿ ಮಾಡೋ ಹುಡುಗ, ಸ್ಟೇರಿಂಗ್ ಮ್ಯಾಲೆ ತೂಕಡಿಸೋ ಡ್ರೈವರ್ ಅಣ್ಣ. ಡ್ರೈವರ್ ನಾನೇ. ಶುಕ್ರವಾರ ಸಂಜಿ 7ಕ್ಕೆ ಶೆಡ್ಯೂಲ್ ಮಾಡಿ ಇಟ್ಟಿದ್ವಿ.

2/6
ಆ ಶುಕ್ರವಾರ ಜೂನ್ 28. ನಸುಕಿನಲ್ಲಿ ನಮ್ಮ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಪುಣೆ-ಬೆಂಗಳೂರು ಹೈವೇಯಲ್ಲಿ, ನಿಂತಿದ್ದ ಲಾರಿಗೆ ಒಂದು ಟಿಟಿ ಗುದ್ದಿತು. 13 ಮಂದಿ ತೀರಿಕೊಂಡರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಊರಿಗೆ ವಾಪಸ್ ಹೊರಟಿದ್ದವರು.

ಇಡೀ ದಿನ ನಾವೂ ಅದೇ ಸುದ್ದಿ ನೋಡಿದ್ವಿ. ಆದರೆ ಶೆಡ್ಯೂಲ್ ಮಾಡಿದ ರೀಲ್ ಒಬ್ಬರಿಗೂ ನೆನಪಿಗೆ ಬರಲಿಲ್ಲ. ಸಂಜಿ 7ಕ್ಕೆ ಅದು ತಾನೇ ಪೋಸ್ಟ್ ಆಯ್ತು. ಒಂಬತ್ತಕ್ಕೆ ಒಂದು ಮೆಸೇಜ್: "ನಮ್ಮ ಮಾಮಾ ಬೆಳಿಗ್ಗೆ ಅಲ್ಲಿ ಎತ್ತಾಕ ಹೋಗಿದ್ರು. ಮನಿಗೆ ಬಂದು ಇನ್ನೂ ಊಟ ಮಾಡಿಲ್ಲ. ಪ್ಲೀಸ್ ತೆಗೀರಿ."

ತೆಗೆದ್ವಿ. ಅಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹೆದರಿಕೆಗೆ ಹಳೇ ರೀಲ್‌ಗಳನ್ನೂ ತೆಗೆದ್ವಿ, ಬಸ್ ಪಾಸ್ ಮ್ಯಾಲಿನ ರೀಲ್ ಸಮೇತ. ಕಪ್ಪು ಫೋಟೋಕ್ಕೆ ಮೇಣದ ಬತ್ತಿ ಹಾಕಿ ಪೋಸ್ಟ್ ಮಾಡಿದ್ವಿ. ಎರಡು ವಾರ ಪೇಜ್ ಬಂದ್. ನಾಚಿಕೆಯ ವಿಷಯ ಏನಂದ್ರೆ, ಆ ಮೇಣದ ಬತ್ತಿಗೆ ನಮ್ಮ ಎಲ್ಲಾ ರೀಲ್‌ಗಿಂತ ಹೆಚ್ಚು ಲೈಕ್ ಬಂತು, ಮತ್ತೆ ನಾನು ಅದನ್ನ ದಿನಾ ಎಣಿಸ್ತಿದ್ದೆ.

3/6
ಇದು ನಮ್ಮ ಸಣ್ಣ ಪೇಜ್ ಕಥೆ ಅಷ್ಟೇ ಅಲ್ಲ. ದೊಡ್ಡ ದೊಡ್ಡ ಚಾನೆಲ್‌ಗಳೂ ಇದನ್ನೇ ಮಾಡ್ಯಾವು. 2001ರ ಸೆಪ್ಟೆಂಬರ್ 11 ಆದ ಮೇಲೆ 'ಫ್ರೆಂಡ್ಸ್' ಸೀರಿಯಲ್‌ನವರು ಏರ್‌ಪೋರ್ಟ್‌ನಲ್ಲಿ ಬಾಂಬ್ ಜೋಕ್ ಇದ್ದ ದೃಶ್ಯ ತೆಗೆದು, ಬೇರೆ ಶೂಟ್ ಮಾಡಿ ಪ್ರಸಾರ ಮಾಡಿದರು. 'ಸಿಂಪ್ಸನ್ಸ್' ಕಾರ್ಟೂನಿನ 1997ರ ಒಂದು ಎಪಿಸೋಡ್‌ನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಇತ್ತು. ಅದನ್ನೂ ಮರುಪ್ರಸಾರದಿಂದ ತೆಗೆದರು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತ ಆದಾಗ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಚಾನೆಲ್‌ಗಳು ಮತ್ತೆ ಸಿಂಪ್ಸನ್ಸ್ ಎಪಿಸೋಡ್ ತಡೆದವು. ಯಾಕಂದ್ರೆ ಅದರ ಹೀರೋ ಹೋಮರ್ ಕೆಲಸ ಮಾಡೋದೇ ಅಣುಸ್ಥಾವರದಲ್ಲಿ, ಅದೂ ನಿದ್ದಿ ಹೊಡೀತಾ.

ಓದಿದಾಗ ನನಗೆ ನನ್ನ ಡ್ರೈವರ್ ಪಾತ್ರ ನೆನಪಾತು. ಎರಡೂ ಜೋಕ್ ಒಂದೇ: ಎಚ್ಚರ ಇರಬೇಕಾದವ ಮಲಗ್ಯಾನ. ಜನ ಯಾಕ ನಗ್ತಾರ? ನಿಜ ಇರಬಹುದು ಅನ್ನೋ ಅಂಜಿಕಿ ಎಲ್ಲರೊಳಗೂ ಇರ್ತೈತಿ, ಅದಕ್ಕ. ಅಂದ್ರೆ ದುರಂತ ಆದ ಮೇಲೆ ನಾವು ಬಚ್ಚಿಡೋ ಜೋಕ್ ಎಷ್ಟೋ ಸಲ ಮೊದಲೇ ನಿಜ ಹೇಳಿದ್ದ ಜೋಕ್ ಆಗಿರ್ತದೆ. ಜೋಕ್ ತೆಗೆದ್ವಿ. ಹೈವೇ ಪಕ್ಕ ರಾತ್ರಿ ಲೈಟ್ ಇಲ್ಲದ ಲಾರಿ ಮಾತ್ರ ಇವತ್ತಿಗೂ ನಿಂತಿರ್ತಾವು. ಹಾವೇರಿಯಿಂದ ರಾಣೆಬೆನ್ನೂರಿಗೆ ರಾತ್ರಿ ಬೈಕ್ ಮ್ಯಾಲೆ ಹೋದವರನ್ನ ಕೇಳ್ರಿ.

4/6
ಹಂಗಂತ "ತೆಗೀಬಾರದು, ನಗು ನಮ್ಮ ಹಕ್ಕು" ಅನ್ನೋರ ಪರ ನಾನಿಲ್ಲ. 2025ರ ಜೂನ್ 4 ನೆನಪು ಮಾಡ್ಕೊಳ್ರಿ. ಹಿಂದಿನ ರಾತ್ರಿ 18 ವರ್ಷದ ಕಾಯುವಿಕೆ ಮುಗಿದಿತ್ತು, ನಾವೂ ಇಲ್ಲಿ ಪಟಾಕಿ ಹೊಡೆದಿದ್ವಿ. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟ್ ಹತ್ತಿರ ಕಾಲ್ತುಳಿತ, 11 ಸಾವು. ಹೊರಗೆ ಹೆಣ ಸಾಗಿಸುವಾಗ ಒಳಗೆ ಸಂಭ್ರಮ ನಡೀತಿತ್ತು. ಗೊತ್ತಾದ ಕೂಡಲೇ ಕಾರ್ಯಕ್ರಮ ಮೊಟಕು ಮಾಡಿದ್ವಿ ಅಂತ ತಂಡ ಆಮೇಲೆ ಹೇಳಿತು. ಆದರೆ ಟಿವಿಯಲ್ಲಿ ಎರಡೂ ಒಟ್ಟಿಗೆ ನೋಡಿದ ಸಂಕಟ ನನಗಿನ್ನೂ ಹೋಗಿಲ್ಲ. ಆಮೇಲೆ ತಂಡದ ಪೇಜ್ ಆಗಸ್ಟ್ 28ರವರೆಗೆ ಸುಮ್ಮನಾಯ್ತು. "ಈ ಸಲ ಕಪ್ ನಮ್ದೇ" ಅನ್ನೋ ನಮ್ಮ ಹಳೇ ತಮಾಷೆ ಕೂಡ ಕೆಲವು ದಿನ ಬಾಯಿಗೆ ಬರಲಿಲ್ಲ.

ಇನ್ನೊಂದು ಉದಾಹರಣೆ, ಪೂರಾ ಉಲ್ಟಾ. ಅದೇ ವರ್ಷ ಮೇ 12ರಂದು 'ಕಾಮಿಡಿ ಕಿಲಾಡಿಗಳು' ಮೂರನೇ ಸೀಸನ್ ಗೆದ್ದಿದ್ದ ರಾಕೇಶ್ ಪೂಜಾರಿ ತೀರಿಕೊಂಡರು. ಅವತ್ತು ಜನ ಏನು ಶೇರ್ ಮಾಡಿದರು? ಅವರ ಕಾಮಿಡಿ ಕ್ಲಿಪ್. ನಗ್ತಾ ನಗ್ತಾ ಅತ್ತರು. ಯಾರಿಗೂ ತಪ್ಪು ಅನ್ನಿಸಲಿಲ್ಲ. ಅಂದ್ರೆ ದುಃಖದ ದಿನ ನಗೋದೇ ತಪ್ಪಲ್ಲ. ಯಾರ ಎದುರಿಗೆ, ಯಾವುದರ ಬಗ್ಗೆ ಅನ್ನೋದಷ್ಟೇ ಪ್ರಶ್ನೆ.

5/6
ನನಗೆ ಇದನ್ನ ತಿಳಿಸಿ ಹೇಳಿದ್ದು ನಮ್ಮ ಅಜ್ಜಿ. ನಮ್ಮ ಕಡೆ ಮದುಮಗನ ಮೆರವಣಿಗೆ ಹೊಂಟಾಗ ದಾರಿಯಲ್ಲಿ ಸಾವಾದ ಮನಿ ಬಂದ್ರೆ ಬಾಜಾ ನಿಲ್ಲಿಸ್ತಾರ. ಯಾರೂ ಆರ್ಡರ್ ಮಾಡೋದಿಲ್ಲ, ಬೋರ್ಡ್ ಹಾಕೋದಿಲ್ಲ. ಬಾರಿಸೋರೇ ಕೈ ಇಳಿಸ್ತಾರ. ಮನಿ ದಾಟಿ ಸ್ವಲ್ಪ ಮುಂದ ಹೋಗಿ ಮತ್ತೆ ಶುರು.

"ಯಾಕ ಅಜ್ಜಿ, ಊರ ತುಂಬ ನಿಲ್ಲಿಸಬಾರದಾ?" ಅಂದೆ.
"ಊರ ತುಂಬ ನಿಲ್ಲಿಸಿದ್ರ ಮದುವಿ ಹೆಂಗ ಆಕ್ಕತಿ? ಅವರ ಕಿವಿಗೆ ಬೀಳಬಾರದು, ಅಷ್ಟ."

ಇಷ್ಟೇ ನನ್ನ ವಾದ. ಬಾಜಾ ನಿಲ್ಲಿಸೋದು ಸತ್ತವರ ಮನಿಯವರ ಸಲುವಾಗಿ. ನಾವು ಎಷ್ಟು ಒಳ್ಳೆಯವರು ಅಂತ ಊರಿಗೆ ತೋರಿಸೋಕಲ್ಲ. ಮೆಸೇಜ್ ಮಾಡಿದವರ ಸಲುವಾಗಿ ರೀಲ್ ತೆಗೆದದ್ದು ಸರಿ. ಬಸ್ ಪಾಸ್ ರೀಲ್ ತೆಗೆದದ್ದು, ಮೇಣದ ಬತ್ತಿ ಲೈಕ್ ಎಣಿಸಿದ್ದು, ಅದು ನಮ್ಮ ಸಲುವಾಗಿ.

ನೀವು ಕೇಳಬಹುದು: ಫೋನ್‌ನಲ್ಲಿ ಯಾವ ಮನಿ ಮುಂದ ಹೊಂಟೀವಿ ಅಂತ ಹೆಂಗ ಗೊತ್ತಾಕ್ಕತಿ? ನಿಜ, ಗೊತ್ತಾಗಲ್ಲ. ರೀಲ್ ಎಲ್ಲಾ ಮನಿ ಮುಂದನೂ ಒಂದೇ ಸಲ ಹೊಕ್ಕತಿ. ಅದಕ್ಕೇ ಬಾರಿಸೋರು ಇನ್ನಷ್ಟು ಕಣ್ಣು ಬಿಟ್ಕೊಂಡು ಹೋಗಬೇಕು.

6/6
ನಾವು ಮೂವರೂ ಕೂತು ಮಾಡ್ಕೊಂಡ ನಿಯಮ:
▪️ ದೊಡ್ಡ ಸುದ್ದಿ ಬಂದ ದಿನ ಮೊದಲು ಶೆಡ್ಯೂಲ್ ನೋಡೋದು.
▪️ ಆ ಘಟನೆಗೆ ತಾಗೋ ರೀಲ್ ಮಾತ್ರ ನಿಲ್ಲಿಸೋದು. ಯಾಕಂತ ಒಂದು ಸಾಲು ಬರೆಯೋದು.
▪️ ಮತ್ತೆ ಹಾಕೋದಾದ್ರೆ ಯಾವಾಗ ಅಂತ ಅವತ್ತೇ ಮಾತಾಡ್ಕೊಳ್ಳೋದು. ಹೆದರಿ ಡಿಲೀಟ್ ಮಾಡಿ ಮರೆಯೋದು ಇಲ್ಲ.
▪️ ಮೇಣದ ಬತ್ತಿ ಪೋಸ್ಟ್ ಬಂದ್.

ಬಸ್ ಪಾಸ್ ರೀಲ್ ವಾಪಸ್ ಬಂದೈತಿ, ನೋಡ್ರಿ. ಟಿಟಿ ರೀಲ್ ಮಾತ್ರ ಬರೋದಿಲ್ಲ. ಆ ಡ್ರೈವರ್ ಪಾತ್ರ ಇನ್ನೊಮ್ಮೆ ನೋಡೋಕೆ ನನಗೇ ಆಗೋದಿಲ್ಲ. ಅದರ ಬದಲಿಗೆ ಹೊಸದೊಂದು ಬರೀತಿದ್ದೀವಿ: ಟಿಟಿಯಲ್ಲಿ ಎಲ್ಲರೂ ಮಲಗ್ಯಾರ, ಒಬ್ಬ ಅಜ್ಜಿ ಮಾತ್ರ ಮುಂದಿನ ಸೀಟಿಗೆ ಬಂದು ಕೂತು ಡ್ರೈವರ್ ಅಣ್ಣನ ತಲಿ ತಿಂತಾಳ, ಎಲೆ ಅಡಿಕಿ ಕೊಡ್ತಾಳ, ಕಣ್ಣು ಮುಚ್ಚಿದ್ರ ಚಾದಂಗಡಿ ಮುಂದ ಗಾಡಿ ನಿಲ್ಲಿಸ್ತಾಳ. ನಗ್ತೀರಿ ಅಂದ್ಕೊಂಡೀನಿ.

ಅವತ್ತು ಮೆಸೇಜ್ ಮಾಡಿದವರು ಇದನ್ನ ಓದ್ತಿದ್ರೆ, ಸಾರಿ. ನಿಮ್ಮ ಮಾಮಾರಿಗೆ ನಮಸ್ಕಾರ ಹೇಳ್ರಿ. ಉಳಿದವರು ಕಾಮೆಂಟಿನ್ಯಾಗ ಹೇಳ್ರಿ: ನೀವು ಆಗಿದ್ರೆ ಏನು ಮಾಡ್ತಿದ್ರಿ?

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ನಮ್ಮಮಾತು