ತೆಪ್ಪಕ್ಕಿಲ್ಲ ಹಡಗಿನ ಗೆರೆ

ರಾಯಚೂರು: ಹಡಗಿನ ಡೆಕ್ ಆಫೀಸರ್ ಟ್ರೈನಿಂಗ್‌ಗೆ ಸೇರುವವರಿಗೆ ಲೋಡ್ ಲೈನ್ ಪಾಠ ತಪ್ಪಿದ್ದಲ್ಲ. ಹಡಗಿನ ಮೈಮೇಲೆ ಬಳಿದ ಆ ಗೆರೆ ನೀರಲ್ಲಿ ಮುಳುಗೋವಷ್ಟು ಸರಕು ಹೇರಂಗಿಲ್ಲ. ನಮ್ಮ ಕೃಷ್ಣಾ ನದಿಯ ತೆಪ್ಪಕ್ಕೆ ಗೆರೆಯೂ ಇಲ್ಲ, ಜನ ಎಣಿಸೋರೂ ಇಲ್ಲ.

2020ರ ಆಗಸ್ಟ್‌ನಲ್ಲಿ ಕುರ್ವಕುಲ ನಡುಗಡ್ಡೆ ಬಳಿ ತುಂಬಿದ ಹೊಳೆಯಲ್ಲಿ 13 ಜನರಿದ್ದ ತೆಪ್ಪ ಮಗುಚಿತು. ನಾಲ್ವರು ನೀರುಪಾಲಾದರು. ಅಂಬಿಗರಿಗೆ ಹುಟ್ಟು ಹಾಕೋದು ಬರಲ್ಲ ಅಂತಲ್ಲ. ಅವರಷ್ಟು ಹೊಳೆ ಬಲ್ಲವರು ಯಾರಿದ್ದಾರೆ? ಆದರೆ ಸಂತೆ ಚೀಲ, ಹಿಟ್ಟಿನ ಮೂಟೆ, ಮಕ್ಕಳು ಎಲ್ಲಾ ಒಂದೇ ತೆಪ್ಪದಲ್ಲಿ. ಲೈಫ್ ಜಾಕೆಟ್ ಮಾತೇ ದೂರ.

ಹಡಗಿನವರು ಹವಾಮಾನ ವರದಿ ನೋಡಿ ಹೊರಡ್ತಾರೆ. ಇಲ್ಲಿ ಹವಾಮಾನ ಅಂದರೆ ನಾರಾಯಣಪುರ ಡ್ಯಾಂ ಗೇಟು. ಮೇಲೆ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು ಅಂದರೆ ಕೆಳಗೆ ತೆಪ್ಪ ನಿಲ್ಲಲೇಬೇಕು. ತುಂಗಭದ್ರೆ ದಂಡೆಯ ಮಾನ್ವಿ ಊರುಗಳಿಗೂ ಇದೇ ಲೆಕ್ಕ, ಡ್ಯಾಂ ಮಾತ್ರ ಬೇರೆ.

2021ರ ಒಳನಾಡು ಹಡಗು ಕಾಯ್ದೆಯಲ್ಲಿ ಇಂಜಿನ್ ಇಲ್ಲದ ದೋಣಿಗಳಿಗೂ ಪ್ರತ್ಯೇಕ ಅಧ್ಯಾಯ ಇದೆ, ಸ್ಥಳೀಯ ಸಂಸ್ಥೆಗಳಿಗೆ ಅದರಲ್ಲಿ ಪಾತ್ರವೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ: ನಮ್ಮೂರ ಘಾಟಿನ ತೆಪ್ಪಕ್ಕೆ ನಂಬರ್ ಯಾವಾಗ, ಒಂದು ಸಲಕ್ಕೆ ಎಷ್ಟು ಜನ?